ಹನ್ನೆರಡು ಅಳಿಸಿ ಹದಿಮೂರು ಬರೆದರೆ ಸಾಲದು, ಮಗಳೇ

ನಂಜನಗೂಡು

ಪುಟ್ಟಿ, 

ನೀನು ಕಳಿಸಿದ ಕರಡು ತಲುಪಿತು. ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಹಾಕಿಕೊಳ್ಳುವ ಕ್ರಮವನ್ನು ಕನ್ನಡದಲ್ಲಿ ಹೇಳುವ ನಮ್ಮ ನಾಲ್ಕು ಪುಟದ ಹಾಳೆಯನ್ನು ಹೊಸ ಆವೃತ್ತಿಗೆ ತಕ್ಕಂತೆ ತಿದ್ದುವ ಕೆಲಸವನ್ನು ಯಾರೂ ಹೇಳದೆ ನೀನೇ ಮೈಮೇಲೆ ಹಾಕಿಕೊಂಡೆಯಲ್ಲ, ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಕಾಲೇಜು ಮುಗಿಸಿ ನೀನು ತಿರುಮಕೂಡಲಿನ ಮನೆ ಸೇರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆಮೇಲೆ ಕೂತು ಇಷ್ಟು ಅಚ್ಚುಕಟ್ಟಾಗಿ ಟೈಪ್ ಮಾಡಿದ್ದೀಯ. ಒತ್ತಕ್ಷರದಲ್ಲಿ ಒಂದು ತಪ್ಪು ಹುಡುಕಿದರೂ ಸಿಗಲಿಲ್ಲ.

ಓದುತ್ತಾ ಹೋದಂತೆ ನೀನು ಏನು ಮಾಡಿದ್ದೀಯೆಂದು ತಿಳಿಯಿತು. 12 ಇದ್ದ ಕಡೆಯೆಲ್ಲ 13 ಬಂದಿದೆ, 12ರ ಹೆಸರಾದ ಬುಕ್‌ವರ್ಮ್ ಇದ್ದ ಕಡೆಯೆಲ್ಲ 13ರ ಹೆಸರಾದ ಟ್ರಿಕ್ಸಿ ಬಂದಿದೆ. ಉಳಿದದ್ದು ಇದ್ದ ಹಾಗೇ ಇದೆ. ಬೈಯುತ್ತಿಲ್ಲ ಕಣಮ್ಮ, ಯಾರೇ ಆದರೂ ಮೊದಲು ಮಾಡುವುದು ಇದನ್ನೇ. ಆದರೆ ಹೀಗೆ ತಿದ್ದಿದ ಹಾಳೆ ಹಳೆಯದಕ್ಕಿಂತ ಅಪಾಯ. ಹಳೆಯದರ ನೆತ್ತಿಯ ಮೇಲೆ 12 ಎಂದು ಇತ್ತು. ಓದುವವನು ‘ಇದು ಹಿಂದಿನದ್ದು, ನೋಡಿಕೊಂಡು ಮಾಡೋಣ’ ಎಂದು ಹುಷಾರಾಗುತ್ತಿದ್ದ. 13 ಎಂದು ಕಂಡರೆ ಕಣ್ಣುಮುಚ್ಚಿ ನಂಬುತ್ತಾನೆ.

ಯಾರು ನಂಬುತ್ತಾರೆ ಎಂಬುದನ್ನು ಸ್ವಲ್ಪ ಯೋಚಿಸು. ಈ ಹಾಳೆ ಬೆಂಗಳೂರಿನ ಕಂಪನಿಯ ಎಂಜಿನಿಯರನಿಗಲ್ಲ. ಹುಲ್ಲಹಳ್ಳಿಯಲ್ಲೋ ತಗಡೂರಿನಲ್ಲೋ ಬನ್ನೂರು, ಮೂಗೂರಿನ ಕಡೆಯೋ ಮನೆಯಲ್ಲಿ ಒಂದೇ ಒಂದು ಕಂಪ್ಯೂಟರ್ ಇರುವವರಿಗೆ. ಅದೂ ಯಾವುದೋ ಕಚೇರಿ ವಿಲೇವಾರಿ ಮಾಡಿದ ಸೆಕೆಂಡ್‌ಹ್ಯಾಂಡ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥ ಯಂತ್ರಗಳಲ್ಲಿ ಬಹಳಷ್ಟು ವಿಂಡೋಸ್ 11ಕ್ಕೆ ಬೇಕಾದ ಅರ್ಹತೆ ಇಲ್ಲದವು. ಹಾಗಾಗಿ ಈ ಸಲ ಹಾಳೆ ಕೇಳುವವರು ಹೆಚ್ಚು. ಅವರ ಕೈಯಲ್ಲಿರುವುದು ಒಂದು ಸಂಜೆ, ಒಂದು ದಿನದ ಮೊಬೈಲ್ ಡೇಟಾ. ಹಾರ್ಡ್‌ಡಿಸ್ಕಿನಲ್ಲಿ ಮಗಳ ಮದುವೆಯ ಫೋಟೋ. ಸಿಕ್ಕಿಕೊಂಡರೆ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಈ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಪ್ರತಿ ಸಾಲನ್ನೂ ಮತ್ತೆ ಮಾಡಿ ನೋಡು. ಮಾಡಿ ನೋಡದ ಸಾಲು ಹಾಳೆಯಲ್ಲಿ ಇರಬಾರದು.

ಮೊದಲ ಪುಟದಿಂದಲೇ ಶುರುಮಾಡುತ್ತೇನೆ. ‘ನಿಮ್ಮದು ಹಳೆಯ ಯಂತ್ರವಾದರೆ ಐ386 ಎಂಬ ಫೈಲನ್ನು ಇಳಿಸಿಕೊಳ್ಳಿ’ ಎಂಬ ಸಾಲನ್ನು ಹಾಗೇ ಬಿಟ್ಟಿದ್ದೀಯ. 2025ರ ಆಗಸ್ಟ್ 9ರಂದು ಬಂದ 13ರಲ್ಲಿ ಅಂಥ ಫೈಲೇ ಇಲ್ಲ. 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ, ಕರ್ನೆಲ್ ಇಲ್ಲ. 32 ಬಿಟ್‌ನ ಒಂದಷ್ಟು ಪ್ಯಾಕೇಜುಗಳನ್ನು ಉಳಿಸಿಕೊಂಡಿದ್ದಾರೆ, ಅವು 64 ಬಿಟ್ ಯಂತ್ರದೊಳಗೆ ಹಳೆಯ ತಂತ್ರಾಂಶ ಓಡಿಸುವವರಿಗಾಗಿ ಮಾತ್ರ. 32 ಬಿಟ್‌ನ 12 ಓಡಿಸುತ್ತಿರುವವರು 13ಕ್ಕೆ ಏರಿಸಲು ಹೋಗಬೇಡಿ ಎಂದು ಡೆಬಿಯನ್ನಿನವರೇ ಬಿಡುಗಡೆ ಟಿಪ್ಪಣಿಯಲ್ಲಿ ತಿಳಿಸಿದ್ದಾರೆ. ಪ್ರೊಸೆಸರ್ 64 ಬಿಟ್‌ನದಾದರೆ ಹೊಸದಾಗಿ ಎಎಮ್‌ಡಿ64 ಎಂಬ 64 ಬಿಟ್ ಆವೃತ್ತಿ ಹಾಕಿಕೊಳ್ಳಿ, ಇಲ್ಲದಿದ್ದರೆ ಆ ಯಂತ್ರಕ್ಕೆ ವಿಶ್ರಾಂತಿ ಕೊಡಿ ಎಂಬುದು ಅವರ ಸಲಹೆ.

ಇದಕ್ಕೆ ಹಿನ್ನೆಲೆಯಲ್ಲಿ ಇನ್ನೊಂದು ಸಂಗತಿಯೂ ಇದೆ, ನಿನಗೆ ಇಷ್ಟವಾಗುತ್ತದೆ ಎಂದು ಹೇಳುತ್ತೇನೆ. ಯುನಿಕ್ಸ್ ಮನೆತನದ ಯಂತ್ರಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಆ ಎಣಿಕೆಯನ್ನು 32 ಬಿಟ್‌ನಲ್ಲಿ ಇಟ್ಟರೆ 2038ರ ಜನವರಿ 19ಕ್ಕೆ ಜಾಗ ಮುಗಿದುಹೋಗುತ್ತದೆ. 13ರಲ್ಲಿ ಉಳಿದೆಲ್ಲ 32 ಬಿಟ್ ಬಗೆಯ ಯಂತ್ರಗಳಿಗೂ ಎಣಿಕೆಯನ್ನು 64 ಬಿಟ್‌ಗೆ ಹಿಗ್ಗಿಸಿದರು, ಐ386 ಒಂದನ್ನು ಬಿಟ್ಟು. ಹಳೆಯ ತಂತ್ರಾಂಶಗಳು ಮುರಿಯದಿರಲಿ ಎಂದು ಅದನ್ನು ಇದ್ದ ಹಾಗೇ ಬಿಟ್ಟರು. ಸಾವಿರಾರು ಪ್ಯಾಕೇಜುಗಳನ್ನು ಮತ್ತೆ ಕಟ್ಟಬೇಕಾಯಿತು. ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರೇ ಹೆಚ್ಚಾಗಿ ಮಾಡಿದ ಕೆಲಸ ಅದು.

ಹಾಗಾದರೆ ಹಾಳೆಯ ಮೊದಲ ಸಾಲು ಏನಾಗಿರಬೇಕು? ಇಳಿಸಿಕೊಳ್ಳಿ ಎಂದಲ್ಲ, ನಿಮ್ಮ ಯಂತ್ರ ಯಾವುದೆಂದು ನೋಡಿಕೊಳ್ಳಿ ಎಂದು. ವಿಂಡೋಸ್ ಇದ್ದವರು ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರ ಕೆಳಗೆ ಅಬೌಟ್ ಒತ್ತಿದರೆ ‘ಸಿಸ್ಟಮ್ ಟೈಪ್’ ಎಂಬ ಸಾಲು ಕಾಣುತ್ತದೆ. ಆ ಸಾಲಿನಲ್ಲಿ ಎರಡು ಭಾಗ. ಮೊದಲರ್ಧ ಈಗ ಹಾಕಿರುವ ವಿಂಡೋಸ್ ಎಷ್ಟು ಬಿಟ್‌ನದು ಎನ್ನುತ್ತದೆ, ಎರಡನೆಯದು ಪ್ರೊಸೆಸರ್ ಯಾವುದು ಎನ್ನುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಎಷ್ಟೋ ಯಂತ್ರಗಳಲ್ಲಿ ಪ್ರೊಸೆಸರ್ 64 ಬಿಟ್‌ನದು, ಅಂಗಡಿಯವರು ಹಾಕಿಕೊಟ್ಟ ವಿಂಡೋಸ್ ಮಾತ್ರ 32. ಮೊದಲರ್ಧ ಓದಿ ‘ನಮ್ಮದು ಆಗಲ್ಲ’ ಎಂದು ಕೈಚೆಲ್ಲುವ ಜನ ಇದ್ದಾರೆ. ಅವರಿಗಾಗಿ ಆ ಸಾಲಿನ ಚಿತ್ರ ತೆಗೆದು ಎರಡನೇ ಭಾಗದ ಸುತ್ತ ಗೆರೆ ಎಳೆ. ಈಗಾಗಲೇ ಲಿನಕ್ಸ್ ಇದ್ದವರಿಗೆ ಎಲ್‌ಎಸ್‌ಸಿಪಿಯು ಆಜ್ಞೆ ಸಾಕು. ‘ಆಪ್ ಮೋಡ್’ ಎಂಬ ಸಾಲಿನಲ್ಲಿ 32, 64 ಎರಡೂ ಇದ್ದರೆ ಮುಂದುವರಿಯಬಹುದು.

32 ಮಾತ್ರ ಇದ್ದವರಿಗೆ? ನಿಮ್ಮ ಮನೆಯ ಅಟ್ಟದ ಮೇಲಿರುವ ಆಟಂ ಎನ್270ರ ಪುಟ್ಟ ನೆಟ್‌ಬುಕ್ ಅಂಥದ್ದು. ಅಂಥವರಿಗೆ ಮೊದಲ ಪುಟದಲ್ಲೇ, ಡೇಟಾ ಖರ್ಚಾಗುವ ಮುಂಚೆಯೇ, ಆಗುವುದಿಲ್ಲವೆಂದು ಹೇಳಿಬಿಡು. ಹೀಗೆ ನೇರವಾಗಿ ಹೇಳಿದರೆ ಬೇಸರವಾಗುತ್ತದೇನೋ ಎಂದು ನೀನು ಹಿಂಜರಿಯಬಹುದು. ಹಿಂಜರಿಯಬೇಡ. ರಾತ್ರಿ ಹನ್ನೊಂದಕ್ಕೆ ಕಪ್ಪು ಪರದೆಯ ಮುಂದೆ ಕೂತು ತನ್ನದೇ ತಪ್ಪಿರಬೇಕು ಎಂದುಕೊಳ್ಳುವ ಬೇಸರ ಅದಕ್ಕಿಂತ ದೊಡ್ಡದು.

ಇನ್ನು ಎರಡನೇ ಪುಟದ ವೈಫೈ ಪುರಾಣ. ಫರ್ಮ್‌ವೇರ್ ಫೈಲುಗಳನ್ನು ಬೇರೆ ಪೆನ್‌ಡ್ರೈವಿಗೆ ಹಾಕಿಕೊಂಡು, ಇನ್‌ಸ್ಟಾಲರ್ ಕೇಳಿದಾಗ ಚುಚ್ಚಬೇಕು ಎಂದು ಅರ್ಧ ಪುಟ ಇದೆಯಲ್ಲ, ಅದು 11ರ ಕಾಲದ್ದು. ಸ್ವತಂತ್ರವಲ್ಲದ ಫರ್ಮ್‌ವೇರನ್ನು ಅಧಿಕೃತ ಫೈಲಿನೊಳಗೆ ಸೇರಿಸಬೇಕೋ ಬೇಡವೋ ಎಂದು ಡೆಬಿಯನ್ನಿನವರು 2022ರಲ್ಲಿ ಮತ ಹಾಕಿದರು. ಸೇರಿಸೋಣ ಎಂಬ ಪಕ್ಷ ಗೆದ್ದಿತು. 2023ರ ಜೂನ್ 10ರಂದು ಬಂದ 12ರಿಂದಲೇ ಅದು ಒಳಗೇ ಇದೆ. ಆ ಅರ್ಧ ಪುಟವನ್ನು ಪೂರ್ತಿ ತೆಗೆದುಹಾಕು. ಬರೆದವರ ಶ್ರಮ ಹಾಳಾಯಿತಲ್ಲ ಎಂದು ಮರುಗಬೇಡ. ಬೇಡವಾದ ಹೆಜ್ಜೆ ಹಾಳೆಯಲ್ಲಿ ಉಳಿದರೆ ಓದುವವನು ಅದನ್ನೂ ನಿಷ್ಠೆಯಿಂದ ಮಾಡಿ, ಸರಿಯಾಗದೆ, ಅಲ್ಲೇ ನಿಂತುಬಿಡುತ್ತಾನೆ. ತಿದ್ದುವ ಕೆಲಸದಲ್ಲಿ ಸೇರಿಸುವುದಕ್ಕಿಂತ ತೆಗೆಯುವುದಕ್ಕೇ ಹೆಚ್ಚು ಧೈರ್ಯ ಬೇಕು.

ಇಳಿಸಿಕೊಳ್ಳುವ ಫೈಲಿನ ಹೆಸರನ್ನು ಪೂರ್ತಿ ಅಚ್ಚು ಹಾಕಬೇಡ. 13ರ ಮುಂದಿನ ಅಂಕಿ ಸುಮಾರು ಎರಡು ತಿಂಗಳಿಗೊಮ್ಮೆ ಬದಲಾಗುತ್ತದೆ. 2025ರ ಸೆಪ್ಟೆಂಬರಿನಲ್ಲೇ 13.1 ಬಂತು. ‘ಡೆಬಿಯನ್-13 ಎಂದು ಶುರುವಾಗುವ, ಎಎಮ್‌ಡಿ64 ಎಂದಿರುವ ಫೈಲು’ ಎಂದರೆ ಸಾಕು. ನೆಟ್‌ಇನ್‌ಸ್ಟ್ ಫೈಲು ಒಂದು ಜಿಬಿಗಿಂತ ಕಡಿಮೆ, ಆದರೆ ಡೆಸ್ಕ್‌ಟಾಪ್ ಬೇಕೆಂದರೆ ಮಿಕ್ಕಿದ್ದನ್ನೆಲ್ಲ ನೆಟ್‌ನಿಂದ ಎಳೆದುಕೊಳ್ಳುತ್ತದೆ. ದಿನದ ಡೇಟಾ ಅರ್ಧದಲ್ಲೇ ಮುಗಿದರೆ ಯಂತ್ರ ಅತ್ತಲೂ ಇಲ್ಲ ಇತ್ತಲೂ ಇಲ್ಲ. ನಮ್ಮ ಕಡೆಯವರಿಗೆ ಡಿವಿಡಿ ಫೈಲೇ ಸರಿ. ಒಬ್ಬರು ಒಮ್ಮೆ ಇಳಿಸಿಟ್ಟುಕೊಂಡರೆ ಹತ್ತು ಮನೆಗೆ ಪೆನ್‌ಡ್ರೈವಿನಲ್ಲಿ ಕೊಡಬಹುದು, ಯಾರ ಅಪ್ಪಣೆಯೂ ಬೇಕಿಲ್ಲ.

ಹೀಗೆ ಕೈಯಿಂದ ಕೈಗೆ ಹೋಗುವ ಫೈಲು ದಾರಿಯಲ್ಲಿ ಕೆಟ್ಟಿರಬಹುದು, ಆದ್ದರಿಂದ ಎಸ್‌ಎಚ್‌ಎ512 ಮೊತ್ತ ಸರಿನೋಡುವ ಹೆಜ್ಜೆಯನ್ನು ‘ಬೇಕಿದ್ದರೆ ಮಾಡಿ’ ಎಂದು ಬರೆದಿರುವುದು ಸಲ್ಲದು. ಮಾಡಲೇಬೇಕು. ನಿಮ್ಮೂರ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆಯಲ್ಲ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುವುದಕ್ಕೆ. ಈ ಮೊತ್ತವೂ ಅಷ್ಟೇ ಸೂಕ್ಷ್ಮದ ತಕ್ಕಡಿ. ನಾಲ್ಕು ಜಿಬಿ ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ 128 ಅಕ್ಷರಗಳ ಆ ಸಾಲು ಗುರುತೇ ಸಿಗದಂತೆ ಬೇರೆಯಾಗಿ ಬರುತ್ತದೆ. ಮೊದಲ ಎಂಟು, ಕೊನೆಯ ಎಂಟು ಅಕ್ಷರ ಹೋಲಿಸಿದರೆ ಫೈಲು ಕೆಟ್ಟಿದೆಯೋ ಇಲ್ಲವೋ ತಿಳಿಯುತ್ತದೆ ಎಂದು ಬರೆ. 128ನ್ನೂ ನೋಡಿ ಎಂದರೆ ಯಾರೂ ನೋಡುವುದಿಲ್ಲ.

ಪೆನ್‌ಡ್ರೈವಿಗೆ ಬರೆಯುವ ಆಜ್ಞೆಯಲ್ಲಿ ನೀನು ಎಸ್‌ಡಿಬಿ ಎಂದು ಡ್ರೈವಿನ ಹೆಸರು ಹಾಕಿಬಿಟ್ಟಿದ್ದೀಯ. ನಿನ್ನ ಲ್ಯಾಪ್‌ಟಾಪಿನಲ್ಲಿ ಎಸ್‌ಡಿಬಿ ಪೆನ್‌ಡ್ರೈವ್ ಇರಬಹುದು, ಇನ್ನೊಬ್ಬರ ಮನೆಯಲ್ಲಿ ಅದು ಎಲ್ಲ ಫೋಟೋ ತುಂಬಿಟ್ಟ ಹೊರಗಿನ ಹಾರ್ಡ್‌ಡಿಸ್ಕ್ ಆಗಿರುತ್ತದೆ. ಅವರು ಅಕ್ಷರಕ್ಕೆ ಅಕ್ಷರ ನಿನ್ನ ಸಾಲನ್ನೇ ಒತ್ತುತ್ತಾರೆ. ಮೊದಲು ಎಲ್‌ಎಸ್‌ಬಿಎಲ್‌ಕೆ ಒತ್ತಿಸಿ, ಪೆನ್‌ಡ್ರೈವ್ ಕಿತ್ತು ಮತ್ತೊಮ್ಮೆ ಒತ್ತಿಸಿ, ಎರಡನೇ ಸಲ ಪಟ್ಟಿಯಿಂದ ಯಾವ ಸಾಲು ಮಾಯವಾಯಿತೋ ಅದೇ ಪೆನ್‌ಡ್ರೈವ್ ಎಂದು ತಿಳಿಸು. ಮತ್ತೆ ಚುಚ್ಚಿದ ಮೇಲೆ ಹೆಸರು ಅದೇ ಇದೆಯೇ ಎಂದು ಇನ್ನೊಮ್ಮೆ ನೋಡಿಸು. ಆಜ್ಞೆಯಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಅವರ ಕೈಯಲ್ಲೇ ಪೆನ್ನಿನಲ್ಲಿ ತುಂಬಿಸು. ಫೈಲನ್ನು ಫೋಟೋ ಹಾಕಿದ ಹಾಗೆ ಎಳೆದು ಪೆನ್‌ಡ್ರೈವಿಗೆ ಬಿಟ್ಟರೆ ಸಾಲದು ಎಂಬುದನ್ನೂ ಸೇರಿಸು.

ಯಾವ ಕಂಪನಿಯ ಯಂತ್ರಕ್ಕೆ ಯಾವ ಕೀಲಿ ಒತ್ತಿ ಪೆನ್‌ಡ್ರೈವಿನಿಂದ ಶುರುಮಾಡಬೇಕೆಂಬ ಪಟ್ಟಿ ಹಾಗೇ ಇರಲಿ, ಅದಕ್ಕೂ ಡೆಬಿಯನ್ ಆವೃತ್ತಿಗೂ ಸಂಬಂಧವಿಲ್ಲ.

ಡಿಸ್ಕ್ ಭಾಗ ಮಾಡುವ ಪುಟಕ್ಕೆ ಬಾ. ಇಡೀ ಹಾಳೆಯಲ್ಲಿ ನನ್ನ ಎದೆ ಹೊಡೆದುಕೊಳ್ಳುವುದು ಇಲ್ಲಿ ಮಾತ್ರ. ‘ಇಡೀ ಡಿಸ್ಕನ್ನು ಬಳಸು’ ಎಂಬ ಆಯ್ಕೆ ಒತ್ತಿ ಎಂದು ಒಂದು ಸಾಲು, ಅದರ ಕೆಳಗೆ ‘ಎಚ್ಚರಿಕೆ: ಇದರಿಂದ ಹಳೆಯ ಫೈಲುಗಳೆಲ್ಲ ಅಳಿಸಿಹೋಗುತ್ತವೆ’ ಎಂದು ಇನ್ನೊಂದು ಸಾಲು ಇದೆ. ಜನ ಹಾಳೆಯನ್ನು ಹೇಗೆ ಓದುತ್ತಾರೆ ಗೊತ್ತೇ? ಎಡಗೈ ಬೆರಳನ್ನು ಸಾಲಿನ ಮೇಲೆ ಇಟ್ಟಿರುತ್ತಾರೆ, ಬಲಗೈ ಎಂಟರ್ ಮೇಲೆ. ಸಾಲು ಮುಗಿಯಿತು, ಒತ್ತಿದರು, ಆಮೇಲೆ ಬೆರಳು ಕೆಳಗಿಳಿಯಿತು. ಎಚ್ಚರಿಕೆ ಮೇಲಿರಬೇಕು, ಕೆಲಸ ಕೆಳಗಿರಬೇಕು. ಇನ್‌ಸ್ಟಾಲರ್ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲೇ ಎಂದು ಕೊನೆಯಲ್ಲಿ ಕೇಳುವಾಗ ಅವರು ಉತ್ತರವನ್ನು ‘ಬೇಡ’ದ ಮೇಲೆ ಇಟ್ಟಿರುತ್ತಾರೆ, ನಾವೇ ಕೈಯಾರೆ ‘ಹೌದು’ ಆರಿಸಬೇಕು. ಆ ಪರದೆ ಬಂದಾಗ ನಿಲ್ಲಿ, ಎದ್ದು ಒಂದು ಲೋಟ ನೀರು ಕುಡಿದು ಬನ್ನಿ, ಫೋಟೋಗಳು ಬೇರೆ ಕಡೆ ಇವೆಯೇ ಎಂದು ಮನೆಯವರನ್ನು ಕೇಳಿ ಎಂದು ದಪ್ಪ ಅಕ್ಷರದಲ್ಲಿ ಹಾಕು. ಪುಟ ಉದ್ದವಾದರೆ ಆಗಲಿ.

ಕನ್ನಡದ ಭಾಗವನ್ನು ನೀನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯ, ಅದರಿಂದ ನನಗೆ ಸ್ವಲ್ಪ ನೋವಾಯಿತು. ಡೆಬಿಯನ್ ಇನ್‌ಸ್ಟಾಲರ್ ಎಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಮಾತಾಡುತ್ತದೆ, ಕನ್ನಡವೂ ಅದರಲ್ಲಿ ಒಂದು. ಆದರೆ ಮೊದಲ ಪರದೆಯಲ್ಲಿ ‘ಗ್ರಾಫಿಕಲ್ ಇನ್‌ಸ್ಟಾಲ್’ ಆರಿಸಿದರೆ ಮಾತ್ರ ಕನ್ನಡ ಪಟ್ಟಿಯಲ್ಲಿ ಬರುತ್ತದೆ. ಬರೀ ಅಕ್ಷರದ ಪರದೆಗೆ ನಮ್ಮ ಒತ್ತು, ಗುಣಿತ ಕೂಡಿಸಿ ಬರೆಯಲು ಬರುವುದಿಲ್ಲ. ಅದೇ ಕಾರಣಕ್ಕೆ, ಡೆಸ್ಕ್‌ಟಾಪ್ ಇಲ್ಲದೆ ಬರೀ ಆಜ್ಞೆಗಳಲ್ಲಿ ನಡೆಸುವ ಯಂತ್ರಕ್ಕೆ ಇಂಗ್ಲಿಷನ್ನೇ ಆರಿಸಲಿ. ಮನೆಯ ಯಂತ್ರಕ್ಕೆ ಕನ್ನಡ ಆರಿಸಲಿ, ನಿಮ್ಮಮ್ಮ ಪರದೆ ನೋಡಿ ಓದುವಂತಾಗಲಿ. ಕನ್ನಡದಲ್ಲಿ ಹಾಕುವಾಗ ನೀನು ಪಕ್ಕದಲ್ಲಿ ಪುಸ್ತಕ ಇಟ್ಟುಕೊಂಡು ಪರದೆಯ ಮೇಲೆ ಯಾವ ಮಾತು ಇದೆಯೋ ಅದನ್ನೇ ಅಕ್ಷರಶಃ ಬರೆದುಕೋ. ನಿನಗೆ ಇನ್ನೂ ಒಳ್ಳೆಯ ಪದ ಹೊಳೆದರೂ ಹಾಳೆಯಲ್ಲಿ ಅದನ್ನು ಬಳಸಬೇಡ, ಓದುವವನು ಪರದೆಯಲ್ಲಿ ಹುಡುಕಿ ಸಿಗದೆ ಒದ್ದಾಡುತ್ತಾನೆ. ಒಳ್ಳೆಯ ಪದವನ್ನು ವೆಬ್‌ಲೇಟ್‌ನಲ್ಲಿ ಇನ್‌ಸ್ಟಾಲರಿನ ಅನುವಾದಕ್ಕೇ ಸೂಚಿಸು, ಅಲ್ಲಿ ಒಪ್ಪಿದರೆ ನಾಡಿಗೆಲ್ಲ ಸಿಗುತ್ತದೆ.

ಎಲ್ಲ ಮುಗಿದ ಮೇಲೆ ಫಾಂಟ್ಸ್-ಕೆಎನ್‌ಡಿಎ ಎಂಬ ಒಂದು ಪ್ಯಾಕೇಜು ಹಾಕಿಸು. ಲೋಹಿತ್, ಗುಬ್ಬಿ, ನವಿಲು ಮೂರೂ ಅಕ್ಷರಮಾದರಿ ಒಟ್ಟಿಗೆ ಬರುತ್ತವೆ. ಗುಬ್ಬಿ, ನವಿಲು ಎರಡೂ ನಮ್ಮ ಅರವಿಂದ ವಿ. ಕೆ. ಅವರು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟವು. ಕೀಲಿಮಣೆಗೆ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ‘ಕಗಪ’ ಆರಿಸಿ ಎಂದು ಸ್ಪಷ್ಟವಾಗಿ ಹೇಳು. ಬರೀ ‘ಕನ್ನಡ’ ಎಂದಿರುವುದನ್ನು ಆರಿಸಿದರೆ ಇನ್‌ಸ್ಕ್ರಿಪ್ಟ್ ಬರುತ್ತದೆ, ನುಡಿ ತಂತ್ರಾಂಶದಲ್ಲಿ ಕೈ ಕೂತವರಿಗೆ ಒಂದು ಅಕ್ಷರವೂ ಸರಿಯಾಗಿ ಬೀಳುವುದಿಲ್ಲ. ಕೆ. ಪಿ. ರಾಯರ ವಿನ್ಯಾಸದಿಂದ ಬಂದ ಆ ಕಗಪದಲ್ಲೇ ನಮ್ಮ ಕಚೇರಿಗಳ ಗುಮಾಸ್ತರು, ಡಿಟಿಪಿಯವರು ಕಲಿತಿರುವುದು. ಅವರ ಹಳೆಯ ನುಡಿ ಫೈಲುಗಳನ್ನು ಲಿಬ್ರೆ ಆಫೀಸಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಫೈಲು ಹಾಳಾಗಿಲ್ಲ, ಯೂನಿಕೋಡಿಗೆ ಪರಿವರ್ತಿಸಬೇಕು ಅಷ್ಟೆ ಎಂದು ಧೈರ್ಯ ಹೇಳುವ ಒಂದು ಮಾತು ಇರಲಿ. ಡೆಬಿಯನ್ ಹಾಕಿದ ಮಾರನೆಯ ದಿನವೇ ಅದನ್ನು ಕಿತ್ತುಹಾಕಿಸುವ ಕಾರಣಗಳಲ್ಲಿ ಇದೂ ಒಂದು.

ಡಿಟಿಪಿಯವರ ಮಾತು ಬಂದದ್ದಕ್ಕೆ ಇನ್ನೊಂದು. 13ರಲ್ಲಿ ಟೆಂಪ್ ಕೋಶ ಡಿಸ್ಕಿನಲ್ಲಿ ಇರುವುದಿಲ್ಲ, ರ್‍ಯಾಮಿನಲ್ಲಿ ಇರುತ್ತದೆ. ಯಂತ್ರ ಆಫ್ ಮಾಡಿದರೆ ಅದರಲ್ಲಿದ್ದದ್ದು ಹೋಯಿತು. ಹೊಸದಾಗಿ ಹಾಕಿದ ಯಂತ್ರದಲ್ಲಿ ಹತ್ತು ದಿನ ಮುಟ್ಟದ ಫೈಲುಗಳನ್ನೂ ಅಲ್ಲಿಂದ ತಾನೇ ಗುಡಿಸಿಹಾಕುತ್ತದೆ. ಮದುವೆ ಪತ್ರಿಕೆಯ ಅರ್ಧ ಕೆಲಸವನ್ನು ‘ಆಮೇಲೆ ನೋಡೋಣ’ ಎಂದು ಟೆಂಪ್‌ನಲ್ಲಿ ಬಿಟ್ಟು, ಕರೆಂಟ್ ಹೋಗಿ ಬಂದ ಮೇಲೆ ಹುಡುಕಿದರೆ ಸಿಗದು. 12ರ ಹಾಳೆಯಲ್ಲಿ ಈ ಮಾತು ಇರಲಿಲ್ಲ, ಹಾಗಾಗಿ 12ನ್ನು 13 ಮಾಡಿದಾಗ ನಿನಗೆ ಇದು ಕಾಣಿಸುವುದೂ ಸಾಧ್ಯವಿರಲಿಲ್ಲ. ಬಿಡುಗಡೆ ಟಿಪ್ಪಣಿಯನ್ನು ಕಾದಂಬರಿಯ ಹಾಗೆ ಮೊದಲಿನಿಂದ ಕೊನೆಯವರೆಗೆ ಓದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

12ರಿಂದ 13ಕ್ಕೆ ಏರಿಸುವವರಿಗೆ ಬೇರೆಯೇ ಪುಟ ಮಾಡು. 11 ಇದ್ದವರು ಮೊದಲು 12ಕ್ಕೆ ಹೋಗಬೇಕು, ನಡುವಿನ ಮೆಟ್ಟಿಲು ಹಾರುವಂತಿಲ್ಲ. ಬೂಟ್ ಭಾಗ ಬೇರೆ ಇದ್ದರೆ ಅದರಲ್ಲಿ 300 ಎಂಬಿಯಷ್ಟಾದರೂ ಖಾಲಿ ಇರಲಿ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಗುಂಡ್ಲುಪೇಟೆ ದಾಟಿದರೆ ಕೇರಳ. ಅಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಈಗ ಕೈಟ್ ಆಗಿದೆ. ಶಾಲೆಗಳಿಗಾಗಿ ಅವರದೇ ಗ್ನೂ ಲಿನಕ್ಸ್ ಇದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಅದನ್ನು ನೋಡಿದಾಗೆಲ್ಲ ನನಗೆ ಆಸೆಯಾಗುತ್ತದೆ. ಅವರಿಗೆ ತರಬೇತಾದ ಮೇಷ್ಟ್ರುಗಳಿದ್ದಾರೆ, ಹಿಂದೆ ಒಂದು ಸರ್ಕಾರಿ ಸಂಸ್ಥೆ ನಿಂತಿದೆ. ನಮ್ಮಲ್ಲಿ ಮನೆಗೊಂದು ಬಗೆಯ ಯಂತ್ರ, ಹೇಳಿಕೊಡುವವರು ಇಲ್ಲ. ಅದಕ್ಕೇ ನಿನ್ನ ನಾಲ್ಕು ಪುಟಕ್ಕೆ ಇಷ್ಟು ಬೆಲೆ, ಅದಕ್ಕೇ ನಾನು ಇಷ್ಟು ಉದ್ದ ಬರೆಯುತ್ತಿರುವುದು.

ಈ ಭಾನುವಾರ ಬೆಳಗಿನ ಬಸ್ಸಿಗೇ ಹೊರಟು ಬಾ. ನಿಮ್ಮ ದೊಡ್ಡಮ್ಮ ರಸಬಾಳೆ ತರಿಸಿಟ್ಟಿದ್ದಾಳೆ. ತಿದ್ದಿದ ಹಾಳೆಯನ್ನು ಅಚ್ಚು ಹಾಕಿಸಿಯೇ ತಾ, ಮೊಬೈಲಿನಲ್ಲಿ ಬೇಡ. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯ ಹುಡುಗನಿಗೆ ಹೇಳಿದ್ದೇನೆ, ಈವರೆಗೆ ಯಾವ ಯಂತ್ರಕ್ಕೂ ಏನನ್ನೂ ಹಾಕಿದವನಲ್ಲ ಅವನು. ಒಂದು ಖಾಲಿ ಡಿಸ್ಕಿನ ಯಂತ್ರ ಕೊಟ್ಟು ಹಾಳೆಯನ್ನು ಅವನ ಕೈಗಿಡೋಣ. ನೀನು ಅವನ ಹಿಂದೆ ಕೂತಿರಬೇಕು, ಒಂದು ಮಾತೂ ಆಡಬಾರದು. ಅವನು ಕೇಳಿದರೂ ಹೇಳಬಾರದು. ಅವನ ಬೆರಳು ಎಲ್ಲೆಲ್ಲಿ ನಿಂತಿತೋ ಅಲ್ಲೆಲ್ಲ ನಿನ್ನ ಪ್ರತಿಯಲ್ಲಿ ಗುರುತು ಹಾಕಿಕೋ. ಅದು ಅವನ ದಡ್ಡತನದ ಗುರುತಲ್ಲ, ನಾವು ಬರೆಯದೆ ಬಿಟ್ಟದ್ದರ ಗುರುತು. ಮಧ್ಯಾಹ್ನ ಊಟ ಮಾಡಿ ಆ ಜಾಗಗಳನ್ನೆಲ್ಲ ಮತ್ತೆ ಬರೆಯೋಣ. ಸಂಜೆ ಡೆಬಿಯನ್ನಿನವರಿಗೆ ಇನ್‌ಸ್ಟಾಲೇಶನ್ ವರದಿ ಕಳಿಸುವುದನ್ನೂ ತೋರಿಸುತ್ತೇನೆ. ಸರಿಯಾಗಿ ಆದರೂ ಕಳಿಸಿ ಎಂದು ಅವರೇ ಕೇಳುತ್ತಾರೆ.

ನಿಮ್ಮಪ್ಪನಿಗೂ ಅಮ್ಮನಿಗೂ ನನ್ನ ನೆನಪು ತಿಳಿಸು.

ಇಂತಿ ನಿನ್ನ
ದೊಡ್ಡಪ್ಪ

ಮರೆತಿದ್ದೆ: ಅಟ್ಟದ ಮೇಲಿನ ಆ ನೆಟ್‌ಬುಕ್ಕನ್ನು ಗುಜರಿಗೆ ಹಾಕಿಬಿಡಬೇಡ, ಜೊತೆಗೆ ತಾ. ಅದರಲ್ಲಿ 12 ಓಡುತ್ತಿದೆ. 12ಕ್ಕೆ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಎಂದು ಗೊತ್ತುಮಾಡಿದ್ದಾರೆ, ಯಾವ ಯಾವ ಬಗೆಯ ಯಂತ್ರಗಳಿಗೆ ಎಂಬ ಪಟ್ಟಿಯನ್ನು ಇಬ್ಬರೂ ಕೂತು ನೋಡಿ, 32 ಬಿಟ್‌ನವರಿಗೆ ಏನು ಹೇಳಬೇಕೋ ಮೊದಲ ಪುಟದಲ್ಲಿ ಹಾಗೇ ಬರೆಯೋಣ. ಹಾಳೆಯ ಅಡಿಯಲ್ಲಿ ಕೊನೆಯ ಸಲ ಮಾಡಿ ನೋಡಿದ ತಾರೀಕು ಹಾಕಲು ಜಾಗ ಬಿಟ್ಟಿರು.